ಖಿನ್ನತೆಯನ್ನು ಮುಚ್ಚಿಡದಿರೋಣ, ಹೇಳಿಕೊಳ್ಳುವವರಿಗೆ ಕಿವಿಯಾಗೋಣ



ಶ್ರೀಮಠದ ಕಾರ್ಯಾಲಯಕ್ಕೆ ಬರುವ ಭಕ್ತಾದಿಗಳು ತಮ್ಮ ಕಷ್ಟಸುಖಗಳನ್ನು ನಮ್ಮೊಡನೆ ಹಂಚಿಕೊಳ್ಳುವುದುಂಟು. ಮಳೆ ಕೈಕೊಟ್ಟದ್ದು, ಮದುವೆಯ ಸಾಲ, ಮೊಣಕಾಲಿನ ನೋವು, ಸಕ್ಕರೆ ಕಾಯಿಲೆ ಇವನ್ನೆಲ್ಲ ನಾಲ್ಕು ಜನರ ಎದುರಿಗೇ ಹೇಳುತ್ತಾರೆ. ಒಂದು ಕಷ್ಟವನ್ನು ಹೇಳುವಾಗ ಮಾತ್ರ ಸುತ್ತಲೂ ನೋಡಿ ದನಿ ತಗ್ಗಿಸುತ್ತಾರೆ: "ಬೆಳಗಾದರೆ ಏಳಬೇಕೆಂದೇ ಅನ್ನಿಸುವುದಿಲ್ಲ." ಮಾತು ಮುಗಿಸುವಾಗ "ಇದು ನಮ್ಮೊಳಗೇ ಇರಲಿ" ಎಂದು ಸೇರಿಸಿ ಎದ್ದುಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ, ದಾಸೋಹದ ಉಗ್ರಾಣವನ್ನು ನಿಷ್ಠೆಯಿಂದ ನೋಡಿಕೊಳ್ಳುತ್ತಿದ್ದ ಸದ್ಭಕ್ತರೊಬ್ಬರು ಹೀಗೆಯೇ ನಮ್ಮ ಬಳಿ ಬಂದರು. ನಿದ್ದೆಯಿಲ್ಲ, ಊಟ ರುಚಿಸದು, ಪೂಜೆಗೆ ಕುಳಿತರೂ ಮನಸ್ಸು ನಿಲ್ಲದು ಎಂದರು. ನಾವು ಅವರ ಮಾತನ್ನು ಪೂರ್ತಿಯಾಗಿ ಕೇಳಲಿಲ್ಲ. "ಧೈರ್ಯ ತಂದುಕೊಳ್ಳಿ, ಕಾಯಕದಲ್ಲಿ ತೊಡಗಿದರೆ ಎಲ್ಲ ಸರಿಹೋಗುತ್ತದೆ" ಎಂದು ಉಪದೇಶ ಮಾಡಿ ಕಳುಹಿಸಿದೆವು. ಅಂದಿನಿಂದ ಅವರು ಮಠದ ಕಡೆ ಸುಳಿಯಲಿಲ್ಲ. ಎರಡು ತಿಂಗಳ ಬಳಿಕ ಅವರ ಧರ್ಮಪತ್ನಿ ಬಂದು, "ಮಠದವರೂ ನನ್ನ ಮೈಗಳ್ಳ ಅಂದ್ಕೊಂಡ್ರು ಅಂತ ಹಾಸಿಗೆ ಹಿಡಿದಾರ್ರೀ" ಎಂದು ಕಣ್ಣೀರು ಹಾಕಿದಾಗ ನಮ್ಮ ತಪ್ಪು ನಮಗೆ ಅರಿವಾಯಿತು. ಈ ಲೇಖನಕ್ಕೆ ಆ ತಪ್ಪೇ ಪ್ರೇರಣೆ. ಅವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇವೆ.

ದುಃಖವೇ ಬೇರೆ, ಖಿನ್ನತೆಯೇ ಬೇರೆ

ಆಪ್ತರು ಲಿಂಗೈಕ್ಯರಾದಾಗ, ಬೆಳೆ ನಷ್ಟವಾದಾಗ ದುಃಖವಾಗುವುದು ಸಹಜ. ಆ ದುಃಖದ ನಡುವೆಯೂ ಮೊಮ್ಮಗುವಿನ ಆಟ ಕಂಡು ಕ್ಷಣಕಾಲ ನಗು ಮೂಡುತ್ತದೆ. ದಿನ ಕಳೆದಂತೆ ಭಾರ ಇಳಿಯುತ್ತದೆ. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು ಎರಡು ವಾರಗಳಿಗಿಂತ ಹೆಚ್ಚು ಕಾಲ, ಬಹುತೇಕ ಪ್ರತಿದಿನ, ದಿನದ ಬಹುಪಾಲು ಇದ್ದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಇದರೊಡನೆ ನಿದ್ದೆಗೇಡು ಅಥವಾ ಅತಿನಿದ್ದೆ, ಹಸಿವಿನಲ್ಲಿ ಏರುಪೇರು, ಸಣ್ಣ ಕೆಲಸಕ್ಕೂ ಆಯಾಸ, ಏಕಾಗ್ರತೆಯ ಕೊರತೆ, "ನಾನು ಯಾರಿಗೂ ಬೇಡವಾದವನು" ಎಂಬ ಭಾವ, ಕೊನೆಗೆ ಬದುಕೇ ಬೇಡವೆಂಬ ಯೋಚನೆ ಕಾಣಿಸಿಕೊಳ್ಳಬಹುದು.

ನಮ್ಮ ಹಳ್ಳಿಗಳಲ್ಲಿ ಇದು ಅನೇಕ ವೇಳೆ ದೇಹದ ಬೇನೆಯ ರೂಪದಲ್ಲಿ ಬರುತ್ತದೆ. ತಲೆಭಾರ, ಎದೆಯುರಿ, ಮೈಕೈ ನೋವು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಎಲ್ಲ ಪರೀಕ್ಷೆಗಳಲ್ಲಿಯೂ "ಏನೂ ಇಲ್ಲ" ಎನ್ನಿಸಿಕೊಂಡು ಬರುವ ತಾಯಂದಿರನ್ನು ನಾವೆಲ್ಲ ಬಲ್ಲೆವು. ಅವರು ನಟಿಸುತ್ತಿಲ್ಲ, ಮನಸ್ಸು ಹೇಳಲಾರದ್ದನ್ನು ದೇಹ ಹೇಳುತ್ತಿರುತ್ತದೆ.

ಇದು ಭಕ್ತಿಯ ಕೊರತೆಯಿಂದ ಬಂದದ್ದಲ್ಲ. ಆನುವಂಶಿಕತೆ, ಮಿದುಳಿನ ಕಾರ್ಯದಲ್ಲಾಗುವ ವ್ಯತ್ಯಾಸ, ಬಾಣಂತನ, ಥೈರಾಯ್ಡ್‌ನಂತಹ ದೈಹಿಕ ತೊಂದರೆ, ಸಾಲ, ಒಂಟಿತನ, ಮನೆಯೊಳಗಿನ ಹಿಂಸೆ ಹೀಗೆ ಹಲವು ಕಾರಣಗಳು ಕೂಡಿ ಬರುವ ಕಾಯಿಲೆ ಇದು. ಕಾಲು ಮುರಿದವರಿಗೆ ಕಾಯಕ ಮಾಡೆಂದು ನಾವು ಹೇಳುವುದಿಲ್ಲ. ಮನಸ್ಸು ಮುರಿದವರಿಗೆ ಹೇಳುತ್ತೇವೆ. ಕಾಯಕದ ತತ್ತ್ವವನ್ನು ರೋಗಿಯ ಮೇಲೆ ಹೊರಿಸುವ ಹೊರೆಯಾಗಿಸಿದರೆ ಅದು ತತ್ತ್ವಕ್ಕೇ ಮಾಡಿದ ಅಪಚಾರ.

ಮೌನದ ಬೆಲೆ

ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಅಂದರೆ ದಾಸೋಹದ ಒಂದೊಂದು ಪಂಕ್ತಿಯಲ್ಲಿಯೂ ಅಂಥವರು ಇದ್ದಾರು. ಖಿನ್ನತೆಯಿರುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ತಿಳಿಸಿತು. ವೈದ್ಯರ ಕೊರತೆ ಇದಕ್ಕೊಂದು ಕಾರಣ. ನಾಚಿಕೆ ಇನ್ನೊಂದು: "ಹುಚ್ಚು ಅಂದಾರು", "ಮಗಳಿಗೆ ಸಂಬಂಧ ಕೂಡಿಬರದು", "ನೌಕರಿಗೆ ತೊಂದರೆಯಾದೀತು" ಎಂಬ ಭಯದಲ್ಲಿ ಮನೆಯವರೆಲ್ಲ ಸೇರಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಬೀಗದೊಳಗೆ ಕಾಯಿಲೆ ಬೆಳೆಯುತ್ತದೆ.

ಹೇಳಿಕೊಂಡರೆ ಏನಾಗುತ್ತದೆ?

ಬೆಂಗಳೂರಿನಲ್ಲಿ ಬೆಳೆದ ಚಿತ್ರನಟಿ ದೀಪಿಕಾ ಪಡುಕೋಣೆಯವರು ತಮಗೆ ಖಿನ್ನತೆ ಬಂದಿತ್ತೆಂದು 2015ರಲ್ಲಿ ಬಹಿರಂಗವಾಗಿ ಹೇಳಿದರು. ಮಗಳ ಅಳು ಎಂದಿನಂತಿಲ್ಲ ಎಂಬುದನ್ನು ಮೊದಲು ಗುರುತಿಸಿದವರು ಅವರ ತಾಯಿ. ಕೀರ್ತಿ, ಸಂಪತ್ತು ಇದ್ದವರಿಗೂ ಇದು ಬರುತ್ತದೆ, ಬಂದರೆ ವಾಸಿಯಾಗುತ್ತದೆ ಎಂಬುದು ಆ ಒಂದು ಮಾತಿನಿಂದ ಲಕ್ಷಾಂತರ ಜನರಿಗೆ ತಿಳಿಯಿತು. ಅವರು ಸ್ಥಾಪಿಸಿದ ಪ್ರತಿಷ್ಠಾನ ತನ್ನ ಗ್ರಾಮೀಣ ಸೇವೆಯನ್ನು 2016ರಲ್ಲಿ ಆರಂಭಿಸಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ.

ವೈದ್ಯರು ಕಡಿಮೆ ಇರುವ ಕಡೆ ಸಾಮಾನ್ಯ ಜನರೇ ಆಸರೆಯಾಗಬಲ್ಲರೇ? ದೂರದ ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ಬೆರಳೆಣಿಕೆಯ ಮನೋವೈದ್ಯರಿರುವ ಆ ದೇಶದಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಆವರಣದಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿದರು. ನೊಂದವರು ಬಂದು ಅಜ್ಜಿಯ ಪಕ್ಕ ಕುಳಿತು ಹೇಳಿಕೊಳ್ಳುತ್ತಾರೆ. ಅಜ್ಜಿ ಕೇಳುತ್ತಾಳೆ, ಹಲವು ಸಮಸ್ಯೆಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೊಂದು ದಾರಿಯನ್ನು ಅವರೇ ಹುಡುಕುವಂತೆ ನೆರವಾಗುತ್ತಾಳೆ. ಅಲ್ಲಿನ ಶೋನಾ ಭಾಷೆಯಲ್ಲಿ ಈ ಬೇನೆಗೆ "ಅತಿಯಾಗಿ ಯೋಚಿಸುವುದು" ಎಂಬರ್ಥದ ಪದವಿದೆ. "ಯೋಚನೆ ಹಚ್ಚಿಕೊಂಡಿದ್ದಾನೆ" ಎಂದು ನಮ್ಮವರು ಹೇಳುವುದೂ ಇದನ್ನೇ ಅಲ್ಲವೇ?

573 ಜನರ ಮೇಲೆ ನಡೆಸಿದ ಅಧ್ಯಯನವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಆರು ತಿಂಗಳ ನಂತರವೂ ಸುಮಾರು ಅರ್ಧದಷ್ಟು ಜನರಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿನಲ್ಲಿ ಕುಳಿತವರಲ್ಲಿ ಅದು ಸುಮಾರು ಶೇ. 14 ಮಾತ್ರ. ಬೆಂಚಿನಿಂದ ಎದ್ದವರನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಅವರು ಕೈಚೀಲ ಹೆಣೆಯುತ್ತ ಪರಸ್ಪರ ಸುಖದುಃಖ ಹಂಚಿಕೊಳ್ಳುತ್ತಾರೆ. ಅರಳಿಕಟ್ಟೆ, ದಾಸೋಹ, ಅಕ್ಕನ ಬಳಗಗಳುಳ್ಳ ನಮಗೆ ಇದು ಅಪರಿಚಿತವಾಗಬಾರದು. ಎಲ್ಲ ಕಸುಬಿನ ಹೆಣ್ಣು ಗಂಡುಗಳು ಸರಿಸಮ ಕುಳಿತು ಅಂತರಂಗವನ್ನು ಮಾತಾಗಿಸಿದ ಅನುಭವ ಮಂಟಪದ ವಾರಸುದಾರರು ನಾವು.

ಮೊದಲು ಹೇಳಿದ ಆ ಸದ್ಭಕ್ತರ ಮನೆಗೆ ನಾವು ಹೋಗಿ ಕ್ಷಮೆ ಕೇಳಿದೆವು. ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆವು. ಚೇತರಿಸಿಕೊಂಡ ಮೇಲೆ, ಮಠದ ಮಾಸಿಕ ಗೋಷ್ಠಿ ಮುಗಿದ ಒಂದು ಸಂಜೆ ಅವರು ತಾವಾಗಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಸಭೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿನ ಬಳಿಕ ಹಿಂದಿನ ಸಾಲಿನ ಹಿರಿಯ ತಾಯಿಯೊಬ್ಬರು, "ನನಗೂ ಹಿಂಗೇ ಆಗಿತ್ತಪ್ಪ, ಯಾರಿಗೂ ಹೇಳಿರಲಿಲ್ಲ" ಎಂದರು. ಅಂದಿನಿಂದ ಗೋಷ್ಠಿಯ ನಂತರ ಏಳೆಂಟು ಮಂದಿ ಪ್ರತ್ಯೇಕವಾಗಿ ಕುಳಿತು ಮಾತನಾಡುವುದು ರೂಢಿಯಾಗಿದೆ. ಅಲ್ಲಿ ಉಪದೇಶವಿಲ್ಲ, ಆಡಿದ ಮಾತು ಹೊರಗೆ ಹೋಗುವುದಿಲ್ಲ.

ಕೇಳುವವರು ಅರಿತಿರಬೇಕಾದದ್ದು

ಮೊದಲನೆಯದಾಗಿ, ಮಾತನ್ನು ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. "ನಿನಗಿಂತ ಕಷ್ಟದಲ್ಲಿರುವವರು ಎಷ್ಟಿಲ್ಲ" ಎಂಬ ಹೋಲಿಕೆ ಗಾಯಕ್ಕೆ ಉಪ್ಪು ಸುರಿದಂತೆ. "ಎಷ್ಟು ದಿನದಿಂದ ಹೀಗಿದೆ? ಊಟ, ನಿದ್ದೆ ಹೇಗಿದೆ? ಆಸ್ಪತ್ರೆಗೆ ನಾನೂ ಜೊತೆಗೆ ಬರಲೇ?" ಎಂಬ ಸರಳ ಪ್ರಶ್ನೆಗಳು ಸಾಕು.

ಎರಡನೆಯದಾಗಿ, ಸಂಶಯ ಬಂದರೆ "ಸಾಯುವ ಯೋಚನೆ ಬರುತ್ತದೆಯೇ?" ಎಂದು ನೇರವಾಗಿ, ಮಮತೆಯಿಂದ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದೆಂಬ ನಂಬಿಕೆ ಸರಿಯಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಅವರ ಕೈಗೆ ಸಿಗದಂತೆ ಬೇರೆಡೆಗೆ ಸಾಗಿಸಿ. ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮೂರನೆಯದಾಗಿ, ಕೇಳಿದ್ದನ್ನು ಕಟ್ಟೆಯ ಮೇಲಿನ ಸುದ್ದಿಯಾಗಿಸಬೇಡಿ.

ಚಿಕಿತ್ಸೆ ಮತ್ತು ನೆರವು

ಹೇಳಿಕೊಳ್ಳುವುದು ಚಿಕಿತ್ಸೆಯ ಮೊದಲ ಹೆಜ್ಜೆ, ಅಲ್ಲಿಗೇ ನಿಲ್ಲಬಾರದು. ಸೌಮ್ಯ ಸ್ವರೂಪದ ಖಿನ್ನತೆ ಆಪ್ತಸಮಾಲೋಚನೆಯಿಂದಲೇ ಗುಣವಾಗಬಹುದು. ತೀವ್ರವಾಗಿದ್ದರೆ ಔಷಧ ಬೇಕಾಗುತ್ತದೆ. ಖಿನ್ನತೆಗೆ ಕೊಡುವ ಮಾತ್ರೆಗಳು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಅವುಗಳ ಫಲ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ವೈದ್ಯರು ಹೇಳುವುದುಂಟು. ತಾವಾಗಿಯೇ ನಡುವೆ ನಿಲ್ಲಿಸಬಾರದು. ಪೂಜೆ, ಧ್ಯಾನಗಳು ಮನಸ್ಸಿಗೆ ನೆಮ್ಮದಿ ನೀಡುತ್ತವೆ, ಆದರೆ ಮಾತ್ರೆ ಬಿಡಲು ಅವು ನೆಪವಾಗದಿರಲಿ.

ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಸೇವೆ ದೊರೆಯುತ್ತದೆ. ದೂರ ಹೋಗಲಾಗದವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಉಚಿತವಾಗಿದ್ದು, ಹಗಲಿರುಳೂ ಕನ್ನಡದಲ್ಲಿಯೂ ಲಭ್ಯವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರ ಗುಪ್ತವಾಗಿರುವ ಹಕ್ಕನ್ನು ರೋಗಿಗೆ ನೀಡಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಪರಿಗಣಿಸಿ ಆರೈಕೆ ನೀಡಬೇಕೆಂದೂ ಅದು ವಿಧಿಸಿದೆ. ಆದ್ದರಿಂದ ಪೊಲೀಸರ ಭಯದಿಂದ ಚಿಕಿತ್ಸೆ ತಡಮಾಡಬೇಕಿಲ್ಲ.

ಬಂಧುಗಳೇ, ಹಸಿದವರಿಗೆ ಅನ್ನ ನೀಡುವುದನ್ನು ನಾವು ಬಲ್ಲೆವು. ನೊಂದವರಿಗೆ ಕಿವಿ ನೀಡುವುದನ್ನು ಇನ್ನೂ ಕಲಿಯಬೇಕಾಗಿದೆ. ಈ ಸಾಲುಗಳನ್ನು ಓದುತ್ತಿರುವ ತಮಗೇ ಈ ಬೇನೆ ಇದ್ದರೆ ಇಂದೇ ಒಬ್ಬರಿಗಾದರೂ ಹೇಳಿಕೊಳ್ಳಿ. ಹೇಳಲು ಯಾರೂ ಇಲ್ಲವೆನಿಸಿದರೆ ಮಠದ ಕಾರ್ಯಾಲಯಕ್ಕೆ ಬನ್ನಿ. ಈ ಬಾರಿ ನಾವು ಉಪದೇಶ ಮಾಡುವುದಿಲ್ಲ, ಪೂರ್ತಿಯಾಗಿ ಕೇಳುತ್ತೇವೆ.



ಕಾರ್ಯದರ್ಶಿಗಳು, ಶ್ರೀಮಠ