ತೂಕ ಇಳಿದ ಮೇಲೆ ಬೇಕಾದ ಆಸರೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಗಾದೆ. ಊಟವನ್ನೂ ಮಾತನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಸ್ಥೂಲಕಾಯದಿಂದ ಬಳಲಿ, ಕೊನೆಗೆ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರ ಬಾಳನ್ನು ನೋಡಿದರೆ ಈ ಎರಡು ಮಾತುಗಳ ನಂಟು ಸ್ಪಷ್ಟವಾಗುತ್ತದೆ. ಅವರಿಗೆ ಊಟದ ಹೊಸ ಕ್ರಮವೂ ಬೇಕು. ತಮ್ಮಂತೆಯೇ ಆ ಹಾದಿಯಲ್ಲಿ ನಡೆದವರೊಡನೆ ಮನಬಿಚ್ಚಿ ಆಡುವ ಮಾತೂ ಬೇಕು.

ಬೊಜ್ಜು ಇಂದು ಶ್ರೀಮಂತರ ಮನೆಯ ಸಮಸ್ಯೆಯಾಗಿ ಉಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿತ್ತು. ಪುರುಷರ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಬೆಂಗಳೂರಿನ ಪೂರ್ವಭಾಗದ ಜೀವನಕ್ರಮವನ್ನು ಗಮನಿಸಿದರೆ ಇದರ ಕಾರಣಗಳು ತಿಳಿಯುತ್ತವೆ. ಕೆ.ಆರ್. ಪುರದಿಂದ ವೈಟ್‌ಫೀಲ್ಡಿನ ಕಡೆಗೆ ದುಡಿಯಲು ಹೋಗುವವರು ಹಗಲೆಲ್ಲ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಉಳಿದ ಹೊತ್ತು ವಾಹನಗಳ ಸಂದಣಿಯಲ್ಲಿ ಕಳೆಯುತ್ತದೆ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಹೆಜ್ಜೆಗೊಂದು ಉಪಾಹಾರ ಗೃಹ. ರಾತ್ರಿ ಹತ್ತು ಗಂಟೆಗೂ ಮನೆಬಾಗಿಲಿಗೆ ಬಿಸಿಬಿಸಿ ತಿಂಡಿ ಬಂದು ನಿಲ್ಲುತ್ತದೆ. ಹೊಲದಲ್ಲಿ ದುಡಿದು ಜೋಳದ ರೊಟ್ಟಿ ಉಣ್ಣುತ್ತಿದ್ದವರ ಮೊಮ್ಮಕ್ಕಳ ದೇಹಕ್ಕೆ ಈಗ ದುಡಿಮೆಯಿಲ್ಲ, ಆಹಾರಕ್ಕೆ ಮಿತಿಯಿಲ್ಲ.

ಶಸ್ತ್ರಚಿಕಿತ್ಸೆ ಎಂದರೇನು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯೇ ಬೇರೆ, ಇಲ್ಲಿ ಹೇಳುತ್ತಿರುವ ಶಸ್ತ್ರಚಿಕಿತ್ಸೆಯೇ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬಳು ಮೃತಪಟ್ಟಾಗ ಜನರು ಇವೆರಡನ್ನೂ ಒಂದೇ ಎಂದು ಭಾವಿಸಿದ್ದುಂಟು. ತೂಕದ ಶಸ್ತ್ರಚಿಕಿತ್ಸೆ ಜಠರದ ಗಾತ್ರವನ್ನೂ, ಕೆಲವೊಮ್ಮೆ ಆಹಾರ ಸಾಗುವ ಮಾರ್ಗವನ್ನೂ ಬದಲಿಸುವಂಥದು. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಇದರ ಒಂದು ಮುಖ್ಯ ವಿಧಾನಕ್ಕೆ ತಳಹದಿ ಹಾಕಿದರು. 1990ರ ದಶಕದಿಂದೀಚೆಗೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಉದರದರ್ಶಕದ ನೆರವಿನಿಂದ ಇದನ್ನು ನಡೆಸುವ ಪದ್ಧತಿ ಬಂದಿತು.

ಇಂದು ಎರಡು ವಿಧಾನಗಳು ಹೆಚ್ಚು ರೂಢಿಯಲ್ಲಿವೆ. 'ಸ್ಲೀವ್' ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯ ಆಕಾರದ ಕೊಳವೆಯಂತೆ ಮಾಡುತ್ತಾರೆ. 'ಬೈಪಾಸ್' ಎಂಬುದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹೊಟ್ಟೆ ಬೇಗ ತುಂಬುವುದಷ್ಟೇ ಇದರ ಫಲವಲ್ಲ. ಹಸಿವನ್ನು ಕೆರಳಿಸುವ ಹಾರ್ಮೋನು ತಗ್ಗುತ್ತದೆ. ಸಕ್ಕರೆಯನ್ನು ಹತೋಟಿಗೆ ತರುವ ಹಾರ್ಮೋನುಗಳು ಹೆಚ್ಚುತ್ತವೆ. ಆದ್ದರಿಂದಲೇ ಅನೇಕರ ಮಧುಮೇಹವು ತೂಕ ಪೂರ್ತಿ ಇಳಿಯುವ ಮೊದಲೇ ತಗ್ಗತೊಡಗುತ್ತದೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದ ಸ್ಥೂಲಕಾಯರಲ್ಲಿ ಮರಣ ಪ್ರಮಾಣ ಕಡಿಮೆಯೆಂದು 2007ರಲ್ಲಿ ತೋರಿಸಿಕೊಟ್ಟಿತು.

ಇದು ಯಾರಿಗೆ ಸಲ್ಲುತ್ತದೆ? ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕವೇ ಇದರ ಅಳತೆಗೋಲು. ಸೂಚ್ಯಂಕ 37.5 ದಾಟಿದವರಿಗೆ, ಅಥವಾ ಮಧುಮೇಹ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಮುಂತಾದವು ಇದ್ದು 32.5 ದಾಟಿದವರಿಗೆ ಎಂಬುದು ಭಾರತದ ವೈದ್ಯರು ಬಹುಕಾಲ ಪಾಲಿಸಿದ ನಿಯಮ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿ 96 ಕಿಲೋ ತೂಗಿದರೆ ಸೂಚ್ಯಂಕ 37.5 ಆಗುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಮಿತಿಗಳನ್ನು ಇನ್ನೂ ಇಳಿಸಿದೆ. ವಿಮೆಯ ಲೆಕ್ಕ ಬೇರೆ: ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯು ಸೂಚ್ಯಂಕ 40, ಅಥವಾ ಗಂಭೀರ ಕಾಯಿಲೆಗಳಿದ್ದರೆ 35 ಎಂದು ಹೇಳಿತ್ತು, ಅದಕ್ಕೂ ಮೊದಲು ಇತರ ಉಪಾಯಗಳನ್ನು ಮಾಡಿ ಸೋತಿರಬೇಕಿತ್ತು.

ಮನೆಗೆ ಬಂದ ಮೇಲಿನ ವ್ರತ

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ನಿಜವಾದ ಚಿಕಿತ್ಸೆ ಆರಂಭವಾಗುವುದು ಮನೆಯ ಅಡುಗೆಮನೆಯಲ್ಲಿ. ಮೊದಲ ಎರಡು ವಾರ ದ್ರವಾಹಾರ. ನಂತರ ನುಣ್ಣಗೆ ಅರೆದದ್ದು, ಮೆತ್ತಗಿನದು. ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ. ಆದರೆ ಆ ಸಾಮಾನ್ಯ ಊಟ ಒಂದು ಪುಟ್ಟ ಬಟ್ಟಲಿನಷ್ಟು ಮಾತ್ರ. ತುತ್ತನ್ನು ನಿಧಾನವಾಗಿ ಅಗಿಯಬೇಕು. ಊಟದ ಜೊತೆಗೆ ನೀರು ಕುಡಿಯಬಾರದು. ಅರ್ಧ ಗಂಟೆಯ ಅಂತರವಿರಬೇಕು. ಬೈಪಾಸ್ ಆದವರು ಸಿಹಿ ತಿಂದರೆ ಎದೆ ಡವಡವಿಸಿ, ಬೆವರಿ, ತಲೆಸುತ್ತು ಬರುವುದುಂಟು.

ಶಾಕಾಹಾರಿಗಳಾದ ನಮ್ಮ ಕುಟುಂಬಗಳು ಪ್ರೋಟೀನಿನ ಬಗೆಗೆ ವಿಶೇಷ ಎಚ್ಚರ ವಹಿಸಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಅಷ್ಟೇ ತೂಕದ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಲೋಟ ಹಾಲಿನಲ್ಲಿ 6–7 ಗ್ರಾಂ ಇದೆ. ಹೊಟ್ಟೆಯ ಅಳತೆಯೇ ಕಿರಿದಾಗಿರುವಾಗ ಅನ್ನ, ತಿಳಿಸಾರುಗಳಿಂದ ಅದನ್ನು ತುಂಬಿಸಿದರೆ ಪ್ರೋಟೀನಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಮೊದಲು ಬೇಳೆ, ಮೊಳಕೆಕಾಳು, ಪನೀರು, ಮೊಸರು, ಆಮೇಲೆ ತರಕಾರಿ, ಕಡೆಗೆ ಅನ್ನ ಅಥವಾ ರೊಟ್ಟಿ ಎಂಬ ಕ್ರಮ ಒಳ್ಳೆಯದು. ಬಿ12, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವಗಳ ಗುಳಿಗೆಗಳನ್ನು ಜೀವನಪರ್ಯಂತ ಸೇವಿಸಬೇಕು. ಪ್ರತಿ ವರ್ಷ ರಕ್ತಪರೀಕ್ಷೆ ಆಗಬೇಕು. ಶಾಕಾಹಾರದಲ್ಲಿ ಬಿ12 ಮೊದಲೇ ಕಡಿಮೆ. ಈ ಖರ್ಚನ್ನೂ ಶಸ್ತ್ರಚಿಕಿತ್ಸೆಯ ಖರ್ಚಿನ ಜೊತೆಗೇ ಲೆಕ್ಕ ಹಾಕಿಕೊಳ್ಳುವುದು ಜಾಣತನ. ಶಿವರಾತ್ರಿಯ ಉಪವಾಸದಂತಹ ವ್ರತಗಳನ್ನು ವೈದ್ಯರ ಅನುಮತಿಯಿಲ್ಲದೆ ಕೈಗೊಳ್ಳಬಾರದು.

ಕೆಲವು ಲಕ್ಷಣಗಳು ಕಂಡಾಗ ಒಂದು ದಿನವೂ ಕಾಯಕೂಡದು. ಮೊದಲ ವಾರಗಳಲ್ಲಿ ಜ್ವರ, ತೀವ್ರ ಹೊಟ್ಟೆನೋವು, ನಾಡಿಯ ವೇಗ. ಬಿಡದೆ ಕಾಡುವ ವಾಂತಿ. ವಾಂತಿಯ ಬೆನ್ನಿಗೆ ನಡೆಯುವಾಗ ತೂರಾಟ ಅಥವಾ ಒಂದು ವಸ್ತು ಎರಡಾಗಿ ಕಾಣುವುದು. ಈ ಕೊನೆಯದು ಬಿ1 ಜೀವಸತ್ವದ ಕೊರತೆಯ ಗುರುತು. ತಡವಾದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು.

ಮುಚ್ಚಿಟ್ಟ ಮಾತು ತರುವ ಅಪಾಯ

ಮೊದಲ ವರ್ಷ ತೂಕ ಸರಸರನೆ ಇಳಿಯುತ್ತದೆ. ಕಂಡವರೆಲ್ಲ ಹೊಗಳುತ್ತಾರೆ. ಕಷ್ಟ ಬರುವುದು ಆಮೇಲೆ. ಮೂರರಿಂದ ಆರನೆಯ ತಿಂಗಳಿನೊಳಗೆ ಕೂದಲು ಉದುರುತ್ತದೆ. ಬಹುಪಾಲು ಮತ್ತೆ ಬರುತ್ತದೆಯಾದರೂ ಆ ಸಮಯದಲ್ಲಿ ಕನ್ನಡಿಯ ಮುಂದೆ ನಿಂತವರಿಗೆ ಅದು ಸಮಾಧಾನ ತರದು. ಚರ್ಮ ಜೋತುಬೀಳುತ್ತದೆ. ಒಂದೂವರೆ, ಎರಡು ವರ್ಷಗಳ ನಂತರ ತೂಕ ಇಳಿಯುವುದು ನಿಲ್ಲುತ್ತದೆ. ಹಳೆಯ ಅಭ್ಯಾಸ ಮರಳಿದರೆ ತೂಕವೂ ಮರಳುತ್ತದೆ. ಆಗಲೇ ಅನೇಕರು ನಾಚಿಕೆಯಿಂದ ವೈದ್ಯರ ಬಳಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ವೈದ್ಯರು ಹೆಚ್ಚು ಬೇಕಾದ ಹೊತ್ತಿನಲ್ಲೇ ಅವರಿಂದ ದೂರವಾಗುತ್ತಾರೆ. ಊಟದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಮದ್ಯದಲ್ಲಿ ಹುಡುಕುವವರೂ ಇದ್ದಾರೆ. ಬೈಪಾಸ್ ಆದವರಿಗೆ ಮದ್ಯ ಬೇಗನೆ ನೆತ್ತಿಗೇರುತ್ತದೆ. ಎರಡನೆಯ ವರ್ಷದಲ್ಲಿ ಕುಡಿತದ ಚಟ ಹೆಚ್ಚುವುದನ್ನು 2012ರಲ್ಲಿ ಅಮೆರಿಕದ ಸಂಶೋಧಕರು ದಾಖಲಿಸಿದ್ದಾರೆ.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ವಿಷಯವನ್ನು ತಾಯಂದಿರು ಗಂಭೀರವಾಗಿ ಯೋಚಿಸಬೇಕು. 'ಸಂಬಂಧ ತಪ್ಪಿಹೋದೀತು' ಎಂಬ ಭಯದಿಂದ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಬೀಗರಿಂದ ಮುಚ್ಚಿಡುವ ಮನೆಗಳುಂಟು. ತೂಕ ಇಳಿದಂತೆ ಮುಟ್ಟಿನ ಏರುಪೇರು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಶಸ್ತ್ರಚಿಕಿತ್ಸೆಯಾದ 12ರಿಂದ 18 ತಿಂಗಳವರೆಗೆ ಗರ್ಭಧಾರಣೆ ಕೂಡದೆಂದು ವೈದ್ಯರು ಹೇಳುತ್ತಾರೆ. ಅತ್ತೆಮನೆಯಲ್ಲಿ ಸತ್ಯ ತಿಳಿಯದಿದ್ದರೆ ಆ ಮಗಳು ಗುಳಿಗೆಯನ್ನು ಹೇಗೆ ನುಂಗಿಯಾಳು? ಬಟ್ಟಲಿನಷ್ಟೇ ಉಂಡು ಏಳುವ ಸೊಸೆಗೆ 'ನಮ್ಮ ಮನೆಯ ಅಡುಗೆ ಸೇರುವುದಿಲ್ಲವೇನೋ' ಎಂಬ ಕೊಂಕು ಮಾತು ತಪ್ಪೀತೆ? ಮುಚ್ಚಿಟ್ಟ ಮಾತಿನ ಬೆಲೆಯನ್ನು ತಾಯಿಯೂ ಮಗುವೂ ತೆರಬೇಕಾಗುತ್ತದೆ.

ಸಮಾನದುಃಖಿಗಳ ಸಂಗ

ಇಂತಹ ಮಾತುಗಳನ್ನು ಯಾರೊಡನೆ ಆಡಬೇಕು? 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಗೃಹಿಣಿ ಜೀನ್ ನೈಡೆಚ್ ತೂಕ ಇಳಿಸಲು ನಗರಾಡಳಿತದ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಕದ್ದು ಬಿಸ್ಕತ್ತು ತಿನ್ನುವ ತಮ್ಮ ಚಪಲವನ್ನು ಅಲ್ಲಿ ಹೇಳಿಕೊಳ್ಳಲು ಅವರಿಗೆ ಬಾಯಿ ಬರಲಿಲ್ಲ. ಕೆಲವು ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡಾಗ, ಅವರೂ ತಂತಮ್ಮ ಗುಟ್ಟುಗಳನ್ನು ಬಿಚ್ಚಿಟ್ಟರು. ಆ ಕೂಟವೇ ಬೆಳೆದು 1963ರಲ್ಲಿ ದೊಡ್ಡ ಸಂಸ್ಥೆಯಾಯಿತು. ಅದಕ್ಕೂ ಮೊದಲು, 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡಿಯೇ ಕುಡಿತದಿಂದ ದೂರ ಉಳಿದುದರಿಂದ ಮದ್ಯವ್ಯಸನಿಗಳ ಅನಾಮಿಕ ಕೂಟ ಹುಟ್ಟಿತು. ಅನುಭವಿಸಿದವರ ಮಾತಿಗೆ ಇರುವ ಬಲ ಉಪದೇಶಕ್ಕಿಲ್ಲ.

ತೂಕದ ಶಸ್ತ್ರಚಿಕಿತ್ಸೆಯಾದವರ ಕೂಟಗಳಿಗೆ ತಪ್ಪದೆ ಬರುವವರ ತೂಕ ಹೆಚ್ಚು ಇಳಿಯುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. ಶ್ರದ್ಧೆಯುಳ್ಳವರೇ ಕೂಟಕ್ಕೂ ಬರುತ್ತಾರೆಂಬುದನ್ನೂ ಒಪ್ಪಬೇಕು. ಕೂಟವೊಂದೇ ತೂಕ ಇಳಿಸುವ ಮಂತ್ರವಲ್ಲ. ಆದರೆ ಮರೆತ ಗುಳಿಗೆಯನ್ನು ನೆನಪಿಸಲು, ತಪ್ಪಿದ ರಕ್ತಪರೀಕ್ಷೆಗೆ ಜೊತೆಯಾಗಿ ಹೋಗಲು, 'ನನಗೂ ಕೂದಲು ಉದುರಿತ್ತು, ಮತ್ತೆ ಬಂತು' ಎಂದು ಧೈರ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ದಂಡು ಪ್ರದೇಶದ ಇನ್ನೊಂದು ತೊಡಕನ್ನು ಗಮನಿಸಬೇಕು. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಇಂದಿರಾನಗರದಲ್ಲಿ ಇಂಗ್ಲಿಷು ಹೆಚ್ಚಾಗಿ ಕಿವಿಗೆ ಬೀಳುತ್ತವೆ. ಧಾರವಾಡ, ಕಲಬುರಗಿಗಳ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ನೆಲೆಸಿದ ಗೃಹಿಣಿಯೊಬ್ಬಳು ಇಂಗ್ಲಿಷಿನಲ್ಲಿ ನಡೆಯುವ ಸಭೆಯಲ್ಲಿ ಕುಳಿತರೆ ತಲೆದೂಗಿ ಎದ್ದುಬಂದಾಳೇ ಹೊರತು, ರಾತ್ರಿ ಎದ್ದು ಶೇಂಗಾ ಉಂಡೆ ತಿಂದದ್ದನ್ನು ಹೇಳಿಯಾಳೆ? ಆದ್ದರಿಂದ ಕನ್ನಡದಲ್ಲಿ ನಡೆಯುವ ಪುಟ್ಟ ಕೂಟಗಳು ಅವಶ್ಯ. 2023ರಿಂದ ಮೆಟ್ರೋ ರೈಲು ವೈಟ್‌ಫೀಲ್ಡಿನಿಂದ ಕೆ.ಆರ್. ಪುರ, ಇಂದಿರಾನಗರ, ಹಲಸೂರುಗಳ ಮೂಲಕ ನೇರವಾಗಿ ಓಡುತ್ತಿರುವುದರಿಂದ ತಿಂಗಳಿಗೊಮ್ಮೆ ಒಂದೆಡೆ ಸೇರುವುದು ಕಷ್ಟವೇನಲ್ಲ.

ಕೂಟ ಕಟ್ಟುವ ಬಗೆ

ಐದಾರು ಮಂದಿ ಇದ್ದರೆ ಸಾಕು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಆಹಾರತಜ್ಞರನ್ನು ಕೇಳಿದರೆ, ಒಪ್ಪಿಗೆ ಕೊಟ್ಟ ಇತರರ ಪರಿಚಯ ಮಾಡಿಸಿಯಾರು. ಕೆಲವು ಕಟ್ಟಳೆಗಳನ್ನು ಮೊದಲೇ ಮಾಡಿಕೊಳ್ಳಬೇಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಒಬ್ಬರ ತೂಕವನ್ನು ಇನ್ನೊಬ್ಬರದರೊಡನೆ ಹೋಲಿಸಬಾರದು. ಯಾರೂ ಪುಡಿ, ಔಷಧಿಗಳ ಮಾರಾಟಕ್ಕೆ ನಿಲ್ಲಬಾರದು. ಮಧುಮೇಹದ ಮಾತ್ರೆಯನ್ನು ತಗ್ಗಿಸುವ, ನೋವಿನ ಗುಳಿಗೆ ನುಂಗುವ ಪ್ರಶ್ನೆಗಳನ್ನು ವೈದ್ಯರಿಗೇ ಬಿಡಬೇಕು. ಬೈಪಾಸ್ ಆದವರಿಗೆ ಸಾಮಾನ್ಯ ನೋವುನಿವಾರಕಗಳು ಹುಣ್ಣು ತರಬಲ್ಲವು. ವರ್ಷ ಕಳೆದವರು ಹೊಸಬರಿಗೆ ಜೊತೆಯಾಗಬೇಕು. ಕೆಲವು ತಿಂಗಳಿಗೊಮ್ಮೆ ಮನೆಯವರನ್ನೂ ಕರೆಯಬೇಕು. ಕೋಣೆಯಲ್ಲಿ ಕುಳಿತೇ ಮಾತನಾಡಬೇಕೆಂದೇನೂ ಇಲ್ಲ. ಕಬ್ಬನ್ ಪಾರ್ಕಿನ ಮರಗಳ ನೆರಳಿನಲ್ಲಿಯೋ ಫ್ರೇಜರ್ ಟೌನಿನ ಕೋಲ್ಸ್ ಪಾರ್ಕಿನಲ್ಲಿಯೋ ಜೊತೆಯಾಗಿ ನಡೆಯುತ್ತ ಮಾತನಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ.

ಮನೆಯವರ ಹೊಣೆ

ನಮ್ಮಲ್ಲಿ ಪಂಕ್ತಿಯಲ್ಲಿ ಒತ್ತಾಯ ಮಾಡಿ ಬಡಿಸುವುದೇ ಪ್ರೀತಿ. 'ಇನ್ನೊಂದು ಹೋಳಿಗೆ, ಮೇಲೆ ಒಂದಿಷ್ಟು ತುಪ್ಪ' ಎನ್ನುವ ಅತ್ತೆ, ಚಿಕ್ಕಮ್ಮಂದಿರ ಅಕ್ಕರೆಯಲ್ಲಿ ಕಪಟವಿಲ್ಲ. ಆದರೆ ಕಿರಿದಾದ ಜಠರಕ್ಕೆ ಆ ಅಕ್ಕರೆಯೇ ವಾಂತಿಯಾಗಿ ಪರಿಣಮಿಸುತ್ತದೆ. ಒಬ್ಬರಿಗೆ ಪಥ್ಯ, ಉಳಿದವರಿಗೆ ಕರಿದ ತಿಂಡಿ ಎಂದಾದರೆ ಆ ಒಬ್ಬರು ತಮ್ಮ ಮನೆಯಲ್ಲೇ ಪರಕೀಯರಾಗುತ್ತಾರೆ. ಮೊಳಕೆಕಾಳಿನ ಉಸಲಿ, ಗಟ್ಟಿ ಬೇಳೆ, ಸೊಪ್ಪಿನ ಪಲ್ಯ, ಸಂಜೆಯ ನಡಿಗೆ ಇವು ಇಡೀ ಮನೆಗೇ ಹಿತ. ಪತಿ, ಪತ್ನಿ, ಮಕ್ಕಳೆಲ್ಲ ಈ ಕ್ರಮಕ್ಕೆ ಒಗ್ಗಿಕೊಂಡರೆ ಮುಂದಿನ ತಲೆಮಾರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳದಿರಬಹುದು. 2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಅವುಗಳನ್ನು ನಿಲ್ಲಿಸಿದಾಗಲೂ ತೂಕ ಮರಳುವುದನ್ನು ಕಂಡಿದ್ದಾರೆ. ಕತ್ತರಿಯಾಗಲಿ ಸೂಜಿಯಾಗಲಿ ದಾರಿಯನ್ನು ತೆರೆದೀತು. ಆ ದಾರಿಯಲ್ಲಿ ದಿನವೂ ನಡೆಯಬೇಕಾದವರು ನಾವೇ.

ನಿಮ್ಮ ಬಂಧುಬಳಗದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಿದ್ದರೆ 'ಎಷ್ಟು ಕಿಲೋ ಇಳಿದಿರಿ?' ಎಂದು ಕೇಳುವುದನ್ನು ಬಿಡಿ. 'ಈ ವರ್ಷದ ರಕ್ತಪರೀಕ್ಷೆ ಆಯಿತೆ? ನಾನೂ ಜೊತೆಗೆ ಬರಲೆ?' ಎಂದು ಕೇಳಿರಿ. ಎರಡನೆಯ, ಮೂರನೆಯ ವರ್ಷದಲ್ಲಿ ಹೊಗಳುವವರು ಚದುರಿಹೋದ ಮೇಲೆ ಅವರಿಗೆ ಬೇಕಾಗುವುದು ಅಂತಹ ಒಂದು ಮಾತು.