ಶಹಾಡಿನ ಫ್ಲಾಟಿನಲ್ಲಿ ಕಡಲ ಮೀನಿನ ಸಂಸಾರ



ನಮ್ಮ ಶಹಾಡಿಗೆ ಉಲ್ಹಾಸ ನದಿ ಇದೆ, ಕಡಲಿಲ್ಲ. ಇಲ್ಲಿಯ ಎರಡು ಕೋಣೆಯ ಫ್ಲಾಟಿನಲ್ಲಿ ಕಡಲ ಮೀನಿನ ಮರಿ ಮಾಡಿಸುತ್ತೇನೆಂದರೆ ಮನೆಯ ಹಿರಿಯರು ನಕ್ಕಾರು. ಆದರೂ ಆಗುವ ಕೆಲಸವಿದು.

2003ರಲ್ಲಿ 'ಫೈಂಡಿಂಗ್ ನೀಮೋ' ಬಂದ ಮೇಲೆ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಎಲ್ಲರೂ ಬಲ್ಲರು. ಆದರೆ ಅಂಗಡಿಗೆ ಬರುವ ಕಡಲ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಫಿಲಿಪೈನ್ಸ್, ಇಂಡೊನೇಷ್ಯಾಗಳಲ್ಲಿ ಸಯನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿದದ್ದೂ ಉಂಟು; ಅದರಿಂದ ಹವಳವೂ ಸಾಯುತ್ತದೆ. ಮನೆಯಲ್ಲಿ ಹುಟ್ಟಿದ ಒಂದೊಂದು ಮರಿಯೂ ಕಡಲಿನಿಂದ ಕದಿಯದ ಮೀನು.

ನಾನು ಮೊದಲು ತಂದ ಜೋಡಿ ನಾಲ್ಕೇ ದಿನಕ್ಕೆ ತೇಲಿತು. ತಪ್ಪು ನನ್ನದೇ. ಹೊಸ ತೊಟ್ಟಿಯಲ್ಲಿ ಅಮೋನಿಯಾ ತೊಲಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು 4-6 ವಾರ ಬೇಕು; ನಾನು ಎರಡು ದಿನ ಕಾದಿದ್ದೆ! ಖಾಡಿಯ ನೀರು ತರುವ ಯೋಚನೆ ಬೇಡ, ಅದು ಕೊಳಕು. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿ. ಅಡುಗೆ ಉಪ್ಪು ನಡೆಯುವುದಿಲ್ಲ.

ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ. ಜೊತೆಗಿರುವವುಗಳಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ನಡೆಸುತ್ತದೆ. ಅದು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ. ಹೀಗಾಗಿ ಒಂದು ದೊಡ್ಡ, ಒಂದು ಚಿಕ್ಕ ಮೀನನ್ನು ಜೊತೆಗೆ ಬಿಟ್ಟರೆ ಸಂಬಂಧ ಸಾಮಾನ್ಯವಾಗಿ ಕುದುರುತ್ತದೆ, ಜಾತಕ ನೋಡಬೇಕಿಲ್ಲ. ಮಣ್ಣಿನ ಕುಂಡವೊಂದನ್ನು ಮಲಗಿಸಿಡಿ. ಅದಕ್ಕೆ ಹೆಣ್ಣು ನೂರಾರು ಕಿತ್ತಳೆ ಮೊಟ್ಟೆಗಳನ್ನು ಅಂಟಿಸುತ್ತದೆ. ರೆಕ್ಕೆ ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ತೆಗೆಯುತ್ತ ಕಾಯುವ ಪಾಡು ಹೆಚ್ಚಾಗಿ ಅಪ್ಪನದು. ಏಳೆಂಟು ದಿನಗಳಲ್ಲಿ ಮೊಟ್ಟೆಯೊಳಗೆ ಬೆಳ್ಳಿ ಕಣ್ಣುಗಳು ಹೊಳೆಯುತ್ತವೆ. ಆಗ ಸಂಜೆಯೇ ಕುಂಡವನ್ನು ಬೇರೆ ತೊಟ್ಟಿಗೆ ಸಾಗಿಸಿ, ಗಾಳಿಯ ಗುಳ್ಳೆ ಹಾಯಿಸಿ, ದೀಪ ಆರಿಸಿ. ಕತ್ತಲಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬರುತ್ತವೆ.

ಕಷ್ಟ ಶುರುವಾಗುವುದು ಮರುದಿನ ಬೆಳಗಿನಿಂದ. ಮೂರ್ನಾಲ್ಕು ಮಿಲಿಮೀಟರಿನ ಆ ಮರಿಯ ಬಾಯಿಗೆ ಅಂಗಡಿಯ ಯಾವ ಆಹಾರವೂ ಹಿಡಿಯದು. ಅದಕ್ಕೆ ರೋಟಿಫರ್ ಎಂಬ ಸೂಕ್ಷ್ಮ ಜೀವಿ, ಜೀವಂತವಾಗಿಯೇ ಬೇಕು; ರೋಟಿಫರಿಗೆ ಹಸಿರು ಪಾಚಿಯ ನೀರು ಬೇಕು. ಮೊಟ್ಟೆ ಕಂಡ ಮೇಲೆ ಹುಡುಕಹೊರಟರೆ ಕೆಟ್ಟಿರಿ. ಮಜ್ಜಿಗೆಗೆ ಹೆಪ್ಪು ಕಾಪಾಡಿದಂತೆ, ಮೀನು ತರುವ ಮೊದಲೇ ಪಾಚಿ, ರೋಟಿಫರ್ ಎರಡನ್ನೂ ಬಾಟಲಿಗಳಲ್ಲಿ ಬೆಳೆಸಿಕೊಂಡು ಕಾಪಾಡಿ. ವಾರದ ನಂತರ ಆಗತಾನೇ ಒಡೆದ ಆರ್ಟೀಮಿಯಾ ಮರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಕಡೆ ಬ್ಯಾಟರಿಯ ಏರ್ ಪಂಪೂ ಇರಲಿ.

ಒಂದು ಮಾತು ಮರೆಯಬೇಡಿ. ಯಾರಾದರೂ ಕಡಲ್ಗುದುರೆ, ಗಟ್ಟಿ ಹವಳ ಮಾರಲು ಬಂದರೆ ಕೊಳ್ಳಬೇಡಿ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ.

ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನವಿ ಮುಂಬಯಿಯ ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅಲಂಕಾರಿಕ ಕಡಲ ಮೀನುಗಳನ್ನು ಮರಿ ಮಾಡಿಸುವ ಕೆಲಸ ಅಲ್ಲಿ ನಡೆದಿದೆ. ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ, ವಿಚಾರಿಸಿ.

ಮೊದಲ ಸಲ ನನ್ನ ತೊಟ್ಟಿಯಲ್ಲಿ ಉಳಿದದ್ದು ಬೆರಳೆಣಿಕೆಯ ಮರಿಗಳು. ಹನ್ನೆರಡನೆಯ ದಿನ ಅವುಗಳಲ್ಲೊಂದರ ತಲೆಯ ಹಿಂದೆ ಬಿಳಿ ಪಟ್ಟೆ ಮೂಡಿತ್ತು. ಅಂದು ನನಗೆ ಕಲ್ಯಾಣದ ಲೋಕಲ್ ತಪ್ಪಿತು.