ಗುಳೇದಗುಡ್ಡ ಅಳಿಸಿತು, ತೇರದಾಳ ಮೂಡಿತು: ಮುಂದಿನ ಗೆರೆ ಎಲ್ಲಿ ಬೀಳುತ್ತೆ?

2023ರ ಏಪ್ರಿಲ್ ಕೊನೆಯಲ್ಲಿ, ವಿಧಾನಸಭೆ ಚುನಾವಣೆಯ ಪ್ರಚಾರ ಜೋರಾಗಿದ್ದಾಗ, ನಾನು ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ ಕೂತಿದ್ದೆ. ವಿದ್ಯುತ್ ಮಗ್ಗದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟ್ ಹೋಯಿತು, ಮಗ್ಗ ನಿಂತಿತು. ಮೊದಲ ಸಲ ಓಟು ಹಾಕಲಿದ್ದ ಆ ಮನೆಯ ಹುಡುಗ ಕೇಳಿದ: "ಅಣ್ಣಾ, ನಮ್ಮೂರು ಬನಹಟ್ಟಿ. ತಾಲೂಕು ರಬಕವಿ-ಬನಹಟ್ಟಿ. ಅಪ್ಪನ ಹಳೇ ಕಾಗದದಾಗೆಲ್ಲಾ ಜಮಖಂಡಿ ಅಂತ ಐತಿ. ಓಟು ಮಾತ್ರ ತೇರದಾಳಕ್ಕ. ಇದೇನು ಲೆಕ್ಕ?"

"ಡಿಲಿಮಿಟೇಶನ್ ಅಂತ ಒಂದು ಇರ್ತದಪ್ಪ" ಅಂದು ಜಾರಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಯಾರು ಗೆದ್ದರು, ಎಷ್ಟು ಅಂತರ, ಯಾವ ಜಾತಿ ಯಾರ ಕಡೆ ಅನ್ನೋದನ್ನೇ ಬರೆದು ರೂಢಿಯಾಗಿದ್ದ ನಮ್ಮಂಥವರು, ಆಟದ ಅಂಗಳವನ್ನು ಯಾರು ಅಳೆದರು ಅಂತ ಕೇಳುವುದೇ ಕಡಿಮೆ. ಆ ಹುಡುಗನಿಗೆ ಬಾಕಿ ಇರುವ ಉತ್ತರ ಇದು.

ಮೊದಲು ಗೆರೆಯ ಕಥೆ

ವಿಧಾನಸಭಾ ಕ್ಷೇತ್ರ ಅನ್ನೋದು ನದಿ, ಗುಡ್ಡದ ಹಾಗೆ ತಾನಾಗಿ ಹುಟ್ಟಿದ್ದಲ್ಲ. ಅದು ಕಚೇರಿಯಲ್ಲಿ, ನಕ್ಷೆಯ ಮೇಲೆ, ಜನಗಣತಿಯ ಅಂಕಿ ಇಟ್ಟುಕೊಂಡು ಎಳೆದ ಗೆರೆ. ಎಂಜಿನಿಯರಿಂಗ್ ಓದಿದವರಿಗೆ ಲೋಡ್ ಬ್ಯಾಲೆನ್ಸಿಂಗ್ ಗೊತ್ತಿರುತ್ತದೆ: ಒಂದೇ ಸರ್ವರ್ ಮೇಲೆ ಹೊರೆ ಬೀಳದಂತೆ ಹಂಚೋದು. ಇಲ್ಲೂ ಹಾಗೆಯೇ, ಒಬ್ಬೊಬ್ಬ ಶಾಸಕರ ಪಾಲಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಜನ ಬರಬೇಕು. ಆದರೆ ಸರ್ವರ್‌ಗೆ ಊರಿನ ನೆನಪು ಇರೋದಿಲ್ಲ, ಜನಕ್ಕೆ ಇರುತ್ತೆ.

ಕರ್ನಾಟಕದಲ್ಲಿ 1978ರಿಂದ 2004ರವರೆಗಿನ ಎಲ್ಲಾ ವಿಧಾನಸಭೆ ಚುನಾವಣೆಗಳು 1971ರ ಜನಗಣತಿ ಆಧಾರದ ನಕ್ಷೆಯ ಮೇಲೆ ನಡೆದವು. 2008ರ ಹೊತ್ತಿಗೆ 2001ರ ಜನಗಣತಿ ಇಟ್ಟುಕೊಂಡು ಗಡಿಗಳನ್ನು ಹೊಸದಾಗಿ ಎಳೆದರು. ಒಟ್ಟು ಸ್ಥಾನ 224ರಲ್ಲೇ ಉಳಿಯಿತು. ಅಂದರೆ ಸರಾಸರಿ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ ಏರಿದವು. ಪರಿಶಿಷ್ಟ ಪಂಗಡದವು 2ರಿಂದ ಒಮ್ಮೆಗೇ 15ಕ್ಕೆ ಹೋದವು.

ಒಟ್ಟು ಸ್ಥಾನ ಹೆಚ್ಚದೆ ಗಡಿ ಮಾತ್ರ ಬದಲಾದರೆ ಏನಾಗುತ್ತೆ? ಒಂದು ಕಡೆ ಹೊಸ ಕ್ಷೇತ್ರ ಹುಟ್ಟಿದರೆ ಇನ್ನೆಲ್ಲೋ ಒಂದು ಸಾಯಲೇಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ಆಗ ಏಳು ಕ್ಷೇತ್ರ ಇದ್ದವು, ಈಗಲೂ ಏಳೇ. ಆದರೆ ಹಳೆಯ ಪಟ್ಟಿಯಲ್ಲಿದ್ದ ಗುಳೇದಗುಡ್ಡ ಹೊಸದರಲ್ಲಿಲ್ಲ. ಹಳೆಯದರಲ್ಲಿ ಇಲ್ಲದ ತೇರದಾಳ ಹೊಸದರಲ್ಲಿದೆ.

ಮೂರು ಸಂಸ್ಥಾನ, ಒಂದು ಕ್ಷೇತ್ರ

ಹಳೆಯ ಜಮಖಂಡಿ ತಾಲೂಕಿನ ರಬಕವಿ, ಬನಹಟ್ಟಿ, ತೇರದಾಳದ ಭಾಗ ಮತ್ತು ಮುಧೋಳ ತಾಲೂಕಿನ ಮಹಾಲಿಂಗಪುರದ ಭಾಗ ಸೇರಿಸಿ ತೇರದಾಳ ಕ್ಷೇತ್ರ ಮಾಡಿದರು.

ಇದರಲ್ಲೊಂದು ಮಜಾ ಇದೆ. ಬ್ರಿಟಿಷರ ಕಾಲದಲ್ಲಿ ರಬಕವಿ ಮತ್ತು ತೇರದಾಳ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಮಹಾಲಿಂಗಪುರ ಮುಧೋಳದ ಘೋರ್ಪಡೆಗಳದ್ದು. ಮೂರು ದರ್ಬಾರಿಗೆ ಕಂದಾಯ ಕಟ್ಟುತ್ತಿದ್ದ ಊರುಗಳು ಈಗ ಒಬ್ಬ ಶಾಸಕರನ್ನು ಆರಿಸುತ್ತವೆ. ಹಾಗಾದರೆ ಇವನ್ನು ಒಂದು ಮಾಡಿದ್ದೇನು? ರಾಜಮನೆತನ ಅಲ್ಲ, ಮಗ್ಗ. ಸುತ್ತ ಕಬ್ಬು, ನಡುವೆ ನೇಕಾರಿಕೆಯ ಪಟ್ಟಣಗಳು. ದೇವಾಂಗ, ಹಟಗಾರ, ಕುರುಹಿನಶೆಟ್ಟಿ ಹೀಗೆ ಹಲವು ನೇಕಾರ ಸಮುದಾಯಗಳು.

ಜಮಖಂಡಿ ಕ್ಷೇತ್ರದೊಳಗೆ ಒಂದು ಮೂಲೆಯಾಗಿದ್ದ ಈ ಮಗ್ಗದ ಊರುಗಳು ಹೊಸ ನಕ್ಷೆಯಲ್ಲಿ ನಡುಮನೆಗೆ ಬಂದವು. ಟಿಕೆಟ್ ಹಂಚುವವರು ನೇಕಾರರ ಲೆಕ್ಕ ಹಾಕಲೇಬೇಕಾಯಿತು. ಚಿತ್ರನಟಿ ಉಮಾಶ್ರೀ ಇಲ್ಲಿಗೆ ಬಂದದ್ದು ಅದೇ ಲೆಕ್ಕದಲ್ಲಿ. ಊರು ಬೇರೆಯಾದರೂ ಅವರದು ನೇಕಾರ ಸಮುದಾಯ.

2008ರ ಮೊದಲ ಚುನಾವಣೆಯಲ್ಲಿ ಬಿಜೆಪಿಯ ಸಿದ್ದು ಸವದಿ ಗೆದ್ದರು. ಅವರು 2004ರಲ್ಲಿ ಜಮಖಂಡಿಯಿಂದ ಗೆದ್ದಿದ್ದವರು. ನಕ್ಷೆ ಬದಲಾದಾಗ ಈ ಕಡೆ ಬಂದರು. 2013ರಲ್ಲಿ ಉಮಾಶ್ರೀ ಕೇವಲ 2,599 ಮತಗಳ ಅಂತರದಲ್ಲಿ ಸವದಿಯವರನ್ನು ಸೋಲಿಸಿ, ಸಿದ್ದರಾಮಯ್ಯ ಸಂಪುಟದಲ್ಲಿ ಸಚಿವೆಯಾದರು. 2018ರಲ್ಲಿ ಅದೇ ಸವದಿ 20,888 ಮತಗಳಿಂದ ತಿರುಗಿ ಗೆದ್ದರು. 2023ರಲ್ಲಿ ಕಾಂಗ್ರೆಸ್ ಉಮಾಶ್ರೀಯವರನ್ನು ಬಿಟ್ಟು ಸಿದ್ದು ಕೊಣ್ಣೂರ ಅವರಿಗೆ ಟಿಕೆಟ್ ಕೊಟ್ಟಿತು. ಸವದಿಯೇ ಮತ್ತೆ ಗೆದ್ದರು.

ಲೋಲಕದ ಜಿಲ್ಲೆ

ಈಗ ಇಡೀ ಜಿಲ್ಲೆ ನೋಡಿ. ಹೊಸ ನಕ್ಷೆಯ ಮೇಲೆ ನಡೆದ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಬಿಜೆಪಿ-ಕಾಂಗ್ರೆಸ್ ಲೆಕ್ಕ ಹೀಗಿದೆ: 2008ರಲ್ಲಿ 7-0. 2013ರಲ್ಲಿ 1-6. 2018ರಲ್ಲಿ 5-2. 2023ರಲ್ಲಿ 2-5. ಟಿವಿಯಲ್ಲಿ ಕೂತು ಯಾರಾದರೂ ಬಾಗಲಕೋಟೆಯನ್ನು ಒಂದು ಪಕ್ಷದ "ಭದ್ರಕೋಟೆ" ಅಂದರೆ ಈ ನಾಲ್ಕು ಸಾಲು ತೋರಿಸಿ ಸಾಕು.

ಆದರೆ 2008 ಬಿಟ್ಟರೆ ಪ್ರತಿ ಸಲವೂ ಅಲೆಗೆ ವಿರುದ್ಧ ಈಜಿದ ಕ್ಷೇತ್ರಗಳು ಸಿಗುತ್ತವೆ. ಕಾರಣ ಹುಡುಕಬೇಕಿರೋದು ಅಲ್ಲಿ.

ಮುಧೋಳ ತೆಗೆದುಕೊಳ್ಳಿ. ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ಬಿಜೆಪಿ ಒಡೆದು ಜಿಲ್ಲೆಯೇ ಕಾಂಗ್ರೆಸ್ ಪಾಲಾದಾಗಲೂ ಇಲ್ಲಿ ಗೋವಿಂದ ಕಾರಜೋಳ ಉಳಿದುಕೊಂಡರು. 1994ರಲ್ಲಿ ಜನತಾ ದಳದಿಂದ ಗೆದ್ದು, 1999ರಲ್ಲಿ ಕಾಂಗ್ರೆಸ್ಸಿನ ಆರ್.ಬಿ. ತಿಮ್ಮಾಪುರ ಎದುರು ಸೋತು, 2004ರಿಂದ ಬಿಜೆಪಿಯಲ್ಲಿ ಸತತ ನಾಲ್ಕು ಸಲ ಗೆದ್ದವರು. ಉಪಮುಖ್ಯಮಂತ್ರಿಯೂ ಆದರು. 2023ರಲ್ಲಿ ಅದೇ ತಿಮ್ಮಾಪುರ 17,335 ಮತಗಳಿಂದ ಸೋಲಿಸಿದರು. ಮರುವರ್ಷ ಕಾರಜೋಳ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು.

ಜಮಖಂಡಿಯದು ಇನ್ನೊಂದು ಬಗೆ. ಇದು ಬಿ.ಡಿ. ಜತ್ತಿಯವರ ಕ್ಷೇತ್ರ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿ. ಆಮೇಲೆ ಇಲ್ಲಿ ಬೆಳೆದ ದೊಡ್ಡ ಹೆಸರು ಸಿದ್ದು ನ್ಯಾಮಗೌಡ. 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ರೈತರೇ ದುಡ್ಡು ಮತ್ತು ಬೆವರು ಹಾಕಿ ಬ್ಯಾರೇಜ್ ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. ಅದರ ಮುಂದಾಳು "ಬ್ಯಾರೇಜ್ ಸಿದ್ದು" ಆದರು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಗೆ ಬಂದು ನಿಂತ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಪಕ್ಷದ ಚಿಹ್ನೆ ಇರಬಹುದು, ಆದರೆ ಓಟು ಬಿದ್ದದ್ದು ನೀರಿಗೆ.

2018ರಲ್ಲಿ ನ್ಯಾಮಗೌಡರು ಬಿಜೆಪಿಯ ಶ್ರೀಕಾಂತ ಕುಲಕರ್ಣಿ ವಿರುದ್ಧ ಗೆದ್ದದ್ದು 2,795 ಮತಗಳಿಂದ. ಬೀಳಗಿಯ ಮುರುಗೇಶ ನಿರಾಣಿಯವರ ಸಹೋದರ ಸಂಗಮೇಶ ನಿರಾಣಿ ಪಕ್ಷೇತರರಾಗಿ ನಿಂತು, ಆ ಅಂತರದ ಎಷ್ಟೋ ಪಟ್ಟು ಮತ ಪಡೆದಿದ್ದರು. ಫಲಿತಾಂಶ ಬಂದು ಎರಡು ವಾರ ಆಗುವಷ್ಟರಲ್ಲಿ ನ್ಯಾಮಗೌಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರ್‌ನ ಉಪಚುನಾವಣೆಯಲ್ಲಿ ಮಗ ಆನಂದ ನ್ಯಾಮಗೌಡ ಅದೇ ಎದುರಾಳಿಯ ಮೇಲೆ 39,480 ಮತಗಳಿಂದ ಗೆದ್ದರು. ಆರು ತಿಂಗಳಲ್ಲಿ ಅಂತರ ಹದಿನಾಲ್ಕು ಪಟ್ಟು! ಅನುಕಂಪ ಇತ್ತು, ಜೆಡಿಎಸ್ ಮೈತ್ರಿಯೂ ಇತ್ತು. ಆ ಕೋಟೆಯೂ ನಿಲ್ಲಲಿಲ್ಲ. 2023ರಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ ಕಡೆ ವಾಲಿದಾಗ ಜಮಖಂಡಿ ಬಿಜೆಪಿಯ ಜಗದೀಶ ಗುಡಗುಂಟಿಯವರನ್ನು ಆರಿಸಿತು.

ಬೀಳಗಿಯಂತೂ ಗಡಿಯಾರದ ಹಾಗೆ. 2008ರಲ್ಲಿ ಮುರುಗೇಶ ನಿರಾಣಿ, 2013ರಲ್ಲಿ ಜೆ.ಟಿ. ಪಾಟೀಲ, 2018ರಲ್ಲಿ ನಿರಾಣಿ, 2023ರಲ್ಲಿ ಪಾಟೀಲ. ಒಬ್ಬರು ಸಕ್ಕರೆ ಉದ್ಯಮಿ, ಸಚಿವರಾಗಿದ್ದವರು. ದುಡ್ಡಿದ್ದರೆ ಸೀಟು ಖಾಯಂ ಅನ್ನೋ ಸುಲಭದ ಮಾತನ್ನು ಬೀಳಗಿ ಎರಡು ಸಲ ಸುಳ್ಳು ಮಾಡಿದೆ.

ಒಟ್ಟು ಲೆಕ್ಕ ಹಾಕೋಣ. ನಾಲ್ಕು ಕ್ಷೇತ್ರ, ನಾಲ್ಕು ಸಾರ್ವತ್ರಿಕ ಚುನಾವಣೆ, ಹದಿನಾರು ಗೆಲುವು. ಅದರಲ್ಲಿ ಮಹಿಳೆಯ ಗೆಲುವು ಒಂದೇ ಒಂದು, 2013ರ ತೇರದಾಳ. ಅದೂ ಹೊಸ ಗೆರೆ ಎಳೆದದ್ದರಿಂದ ಹುಟ್ಟಿದ ಕ್ಷೇತ್ರದಲ್ಲಿ.

ಗೆರೆಯ ಆಚೆ ಉಳಿದವರು

ಇನ್ನು ಗುಳೇದಗುಡ್ಡ. ಅದೂ ನೇಕಾರರ ಊರೇ. ಅಲ್ಲಿನ ಖಣ ಉಡದ ಉತ್ತರ ಕರ್ನಾಟಕದ ಅಜ್ಜಿ ಇಲ್ಲ. 2008ರಲ್ಲಿ ಕ್ಷೇತ್ರ ರದ್ದಾಗಿ ಪಟ್ಟಣ ಬಾದಾಮಿಗೆ ಸೇರಿತು. ತನ್ನ ಹೆಸರಿನ ಸೀಟು ಇದ್ದ ಊರು ಈಗ ಇನ್ನೊಂದು ಊರಿನ ಸೀಟಿನಲ್ಲಿ ಒಂದು ಪಾಲು. ಜಿಲ್ಲೆಯ ಒಂದು ತುದಿಯ ಮಗ್ಗದವರಿಗೆ ದನಿ ಬಂತು, ಇನ್ನೊಂದು ತುದಿಯವರ ದನಿ ತೆಳುವಾಯಿತು. ಯಾರೋ ಸಂಚು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಜನಸಂಖ್ಯೆಯ ಲೆಕ್ಕ ಹಾಗೆ ಕೂತಿತು. ಆದರೆ ಲೆಕ್ಕದ ಫಲ ಅನುಭವಿಸೋರು ಮನುಷ್ಯರು.

2018ರಲ್ಲಿ ಗುಳೇದಗುಡ್ಡವೂ ತಾಲೂಕಾಯಿತು, ರಬಕವಿ-ಬನಹಟ್ಟಿಯೂ ತಾಲೂಕಾಯಿತು. ತಾಲೂಕು ಮಾಡೋದು ರಾಜ್ಯ ಸರ್ಕಾರ, ಕ್ಷೇತ್ರ ಮಾಡೋದು ಪುನರ್ವಿಂಗಡಣೆ ಆಯೋಗ. ತಹಶೀಲ್ದಾರರ ಕಚೇರಿ ಹತ್ತಿರ ಬಂತು, ಶಾಸಕರ ನಕ್ಷೆ ಹಳೆಯದೇ ಉಳಿಯಿತು. ಬನಹಟ್ಟಿ ಹುಡುಗನ ಗೊಂದಲದ ಮೂಲ ಇದೇ.

ಇದರಿಂದ ಏನು ಫರಕು ಅಂತ ಕೇಳಬಹುದು. 2023ರ ಬಜೆಟ್‌ನಲ್ಲಿ 10 ಎಚ್‌ಪಿವರೆಗಿನ ಮಗ್ಗಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ಅದಕ್ಕೂ ಮೊದಲು ಬಿಜೆಪಿ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿ ಶುರು ಮಾಡಿ, ಆಮೇಲೆ 5,000ಕ್ಕೆ ಏರಿಸಿತ್ತು. ಎರಡೂ ಪಕ್ಷ ಮಗ್ಗದ ಕಡೆ ನೋಡಿದ್ದು ಪ್ರೀತಿಯಿಂದ ಅಷ್ಟೇ ಅಲ್ಲ. ಮಗ್ಗದವರ ಮತ ಒಂದೇ ಕಡೆ ಗಟ್ಟಿಯಾಗಿ ಕೂತ ಕ್ಷೇತ್ರಗಳಿದ್ದರೆ ಮಾತ್ರ ಇಂಥ ಬೇಡಿಕೆಗೆ ವಿಧಾನಸಭೆಯಲ್ಲಿ ಒಬ್ಬ ಖಾಯಂ ವಕೀಲ ಸಿಗುತ್ತಾನೆ. ಅವರನ್ನು ಎರಡು ಮೂರು ಕ್ಷೇತ್ರಗಳಿಗೆ ಹಂಚಿಬಿಟ್ಟರೆ ಎಲ್ಲೆಡೆಯೂ "ಇತರೆ" ಆಗಿಬಿಡುತ್ತಾರೆ.

ಮುಂದಿನ ಪೆನ್ಸಿಲ್

ಸಂವಿಧಾನದ 84ನೇ ತಿದ್ದುಪಡಿ ಪ್ರಕಾರ ಸ್ಥಾನಗಳ ಸಂಖ್ಯೆ 2026ರ ನಂತರದ ಮೊದಲ ಜನಗಣತಿಯವರೆಗೆ ಹೆಪ್ಪುಗಟ್ಟಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೂಡಿ ಮುಂದೂಡಿ, ಅದರ ಎಣಿಕೆಯ ದಿನಾಂಕ 2027ರ ಮಾರ್ಚ್ 1ಕ್ಕೆ ನಿಗದಿಯಾಗಿದೆ. ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಮೀಸಲಿಡುವ 2023ರ 106ನೇ ತಿದ್ದುಪಡಿಯೂ ಜನಗಣತಿ ಮತ್ತು ಪುನರ್ವಿಂಗಡಣೆಗೆ ಕಟ್ಟುಬಿದ್ದಿದೆ. ಹದಿನಾರಕ್ಕೆ ಒಂದು ಅನ್ನೋ ಲೆಕ್ಕ ಬದಲಾಗೋದು ಆ ಗೆರೆ ಬಿದ್ದ ಮೇಲೆಯೇ.

ಬೀಳಗಿ ಕಡೆಯವರು ಇನ್ನೊಂದು ವಿಷಯ ನೆನಪಿಡಬೇಕು. ಆಲಮಟ್ಟಿ ಜಲಾಶಯವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಜಾರಿಯಾದರೆ ಹಿನ್ನೀರಿನ ಹಳ್ಳಿಗಳು ಮುಳುಗುತ್ತವೆ, ಜನ ಪುನರ್ವಸತಿ ಕೇಂದ್ರಗಳಿಗೆ ಹೋಗುತ್ತಾರೆ. ಜನ ಎಲ್ಲಿ ಎಣಿಕೆಯಾಗುತ್ತಾರೋ ಗೆರೆ ಅಲ್ಲಿಗೆ ಹೋಗುತ್ತೆ. ಮನೆ ಕಳೆದುಕೊಂಡವರು ಕ್ಷೇತ್ರವನ್ನೂ ಕಳೆದುಕೊಳ್ಳಬಹುದು.

ಹಿಂದಿನ ಸಲದ ಕಾನೂನಿನಲ್ಲಿ ಒಂದು ಒಳ್ಳೆಯ ಕ್ರಮ ಇತ್ತು. ಆಯೋಗ ಕರಡು ನಕ್ಷೆ ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಸಾರ್ವಜನಿಕ ಸಭೆ ನಡೆಸಬೇಕು. ಅಂತಿಮ ಆದೇಶ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತೆ, ಕೋರ್ಟಿನಲ್ಲಿ ಪ್ರಶ್ನಿಸುವ ದಾರಿ ತೀರಾ ಕಿರಿದು. ಅಂದರೆ ಮಾತಾಡಬೇಕಾದ ಸಮಯ ಕರಡು ಮತ್ತು ಅಂತಿಮದ ನಡುವಿನ ಕೆಲವೇ ವಾರ. ಅಂಥ ಸಭೆಗೆ ಪಕ್ಷದವರು ತಪ್ಪದೆ ಹೋಗುತ್ತಾರೆ, ಅವರಿಗೆ ಅದರ ಬೆಲೆ ಗೊತ್ತು. ನಾವು ಹೋಗೋದಿಲ್ಲ.

ಈ ಸಲ ಹೋಗಬೇಕು. ಕರಡು ಬಂದ ದಿನ ನಿಮ್ಮ ಊರು ಹುಡುಕಿ. ಯಾವ ಊರುಗಳ ಜೊತೆ ಕೂಡಿಸಿದ್ದಾರೆ, ಸಂತೆ, ಕಾಲೇಜು, ಮಗ್ಗ, ಕಾಲುವೆಯ ಸಂಬಂಧ ಇರುವ ಊರುಗಳನ್ನು ಬೇರೆ ಮಾಡಿದ್ದಾರಾ ನೋಡಿ. ಮಾಡಿದ್ದರೆ ಒಂದು ಪುಟ ಬರೆದು ಕಳಿಸಿ. ತೇರದಾಳ ಉಳಿಯಬಹುದು, ಒಡೆಯಬಹುದು, ರಬಕವಿ-ಬನಹಟ್ಟಿ ಹೆಸರಲ್ಲೇ ಕ್ಷೇತ್ರ ಬರಬಹುದು. ಗುಳೇದಗುಡ್ಡಕ್ಕೆ ತನ್ನ ಸೀಟು ಮರಳಲೂಬಹುದು.

ಬನಹಟ್ಟಿಯ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟು: ಇದು 2001ರ ಲೆಕ್ಕ. ಮುಂದಿನ ಲೆಕ್ಕದಲ್ಲಿ ನೀನೂ ಇದ್ದೀಯ. ಮಗ್ಗ ನಿಲ್ಲಿಸಿ ಒಂದು ದಿನ ಆ ಸಭೆಗೆ ಹೋಗಿ ಬಾ.